ಒಂದು ನಾಡು, ಎರಡು ಹೆಸರು: ‘ಕಮ್ರಿ’ ಎಂಬ ವೆಲ್ಷ್ ಪದ ನಡೆದು ಬಂದ ದಾರಿ

ಇಂಗ್ಲೆಂಡಿನಿಂದ ಸೆವರ್ನ್ ನದಿಯ ಸೇತುವೆ ದಾಟಿ ಪಶ್ಚಿಮಕ್ಕೆ ಹೋಗುವವರಿಗೆ ರಸ್ತೆಯ ಬದಿಯಲ್ಲಿ ಕೆಂಪು ಡ್ರ್ಯಾಗನ್ ಚಿತ್ರವಿರುವ ಒಂದು ಫಲಕ ಎದುರಾಗುತ್ತದೆ. ಅದರ ಮೇಲೆ ‘ಕ್ರೊಯ್ಸೊ ಇ ಗಮ್ರಿ’ ಎಂದು ವೆಲ್ಷ್ ಭಾಷೆಯಲ್ಲಿಯೂ ‘ವೆಲ್‌ಕಮ್ ಟು ವೇಲ್ಸ್’ ಎಂದು ಇಂಗ್ಲಿಷಿನಲ್ಲಿಯೂ ಬರೆದಿರುತ್ತದೆ. ಎರಡು ಸಾಲುಗಳೂ ಬಂದವರನ್ನು ಒಂದೇ ನಾಡಿಗೆ ಸ್ವಾಗತಿಸುತ್ತವೆ. ಆದರೆ ಆ ನಾಡಿನ ಹೆಸರುಗಳ ಬೇರನ್ನು ಹಿಡಿದು ನೋಡಿದರೆ ಇಂಗ್ಲಿಷ್ ಸಾಲು ‘ಪರಕೀಯರ ನಾಡಿಗೆ ಸ್ವಾಗತ’ ಎಂದೂ ವೆಲ್ಷ್ ಸಾಲು ‘ನಮ್ಮ ನಾಡವರ ನಾಡಿಗೆ ಸ್ವಾಗತ’ ಎಂದೂ ಹೇಳುತ್ತಿರುವುದು ತಿಳಿಯುತ್ತದೆ. ಒಂದೇ ಜನರನ್ನು ಹೊರಗಿನವರು ಕರೆದ ಬಗೆ ಒಂದು, ಅವರು ತಮ್ಮನ್ನು ತಾವೇ ಕರೆದುಕೊಂಡ ಬಗೆ ಇನ್ನೊಂದು. ಈ ಎರಡನೆಯ ಹೆಸರಾದ ‘ಕಮ್ರಿ’ ಎಲ್ಲಿಂದ ಬಂತು, ಅದರೊಳಗೆ ಏನಿದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ‘ವೇಲ್ಸ್’ ಎಂಬ ಹೆಸರಿನ ಕಥೆಯನ್ನು ನೋಡಿಬಿಡುವುದು ಒಳ್ಳೆಯದು.

ಯೂಲಿಯಸ್ ಸೀಸರನು ಗಾಲ್ (ಇಂದಿನ ಫ್ರಾನ್ಸ್ ಮತ್ತು ಅದರ ಸುತ್ತಿನ ಸೀಮೆ) ಯುದ್ಧದ ಬಗ್ಗೆ ಬರೆಯುವಾಗ ರೈನ್ ನದಿಯ ಆಚೆ ನೆಲೆಸಿದ್ದ ವೊಲ್ಕೆ ಎಂಬ ಕೆಲ್ಟಿಕ್ (ವೆಲ್ಷ್ ಸೇರಿರುವ ಭಾಷಾಕುಟುಂಬದ) ಬುಡಕಟ್ಟಿನ ಒಂದು ಶಾಖೆಯನ್ನು ಹೆಸರಿಸಿದ್ದಾನೆ. ಇಂಗ್ಲಿಷ್, ಜರ್ಮನ್ ಮುಂತಾದವು ಸೇರಿರುವ ಜರ್ಮಾನಿಕ್ ಕುಟುಂಬದ ಭಾಷೆಗಳನ್ನಾಡುವ ಜನರಿಗೆ ನೆರೆಯವರಾಗಿದ್ದ ಈ ಬುಡಕಟ್ಟಿನ ಹೆಸರೇ ಅವರ ಬಾಯಲ್ಲಿ ‘ವಲ್ಹಾಜ್’ ಎಂದಾಯಿತು ಎಂಬುದು ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪುವ ಮಾತು. ಮೊದಲು ಒಂದು ಬುಡಕಟ್ಟನ್ನಷ್ಟೇ ಸೂಚಿಸುತ್ತಿದ್ದ ಆ ಪದ ಕ್ರಮೇಣ ಕೆಲ್ಟಿಕ್ ಭಾಷೆಯವರೆಲ್ಲರಿಗೂ, ಆಮೇಲೆ ರೋಮನ್ ಆಳ್ವಿಕೆಗೆ ಒಳಗಾಗಿ ಲ್ಯಾಟಿನ್ ಆಡತೊಡಗಿದವರಿಗೂ ಅನ್ವಯವಾಗುತ್ತ ಹೋಗಿ, ಕೊನೆಗೆ ‘ನಮ್ಮ ಮಾತನ್ನು ಆಡದ ಪರಕೀಯ’ ಎಂಬ ಅರ್ಥಕ್ಕೆ ಬಂದು ನಿಂತಿತು. ಈ ಪದ ಯುರೋಪಿನ ಉದ್ದಗಲಕ್ಕೂ ಹರಡಿದೆ. ಬೆಲ್ಜಿಯಮ್ಮಿನ ಫ್ರೆಂಚ್ ಮಾತನಾಡುವ ವಲೋನಿಯ, ರೊಮೇನಿಯದ ವಲಾಕಿಯ, ಸ್ವಿಟ್ಜರ್ಲೆಂಡಿನ ಜರ್ಮನ್ ಭಾಷಿಕರು ತಮ್ಮ ದೇಶದ ಫ್ರೆಂಚ್ ಭಾಗಕ್ಕೆ ಹೇಳುವ ವೆಲ್ಷ್‌ಲಾಂಟ್, ಪೋಲಿಷ್ ಮತ್ತು ಹಂಗೇರಿಯನ್ ಭಾಷೆಗಳಲ್ಲಿ ಇಟಲಿಗೆ ಇರುವ ಹೆಸರುಗಳು, ಇವೆಲ್ಲ ಅದೇ ಪದದ ಸಂತಾನ. ಇವುಗಳಲ್ಲಿ ವಲಾಕಿಯದ ಜನ ತಮ್ಮ ನಾಡನ್ನು ಆ ಹೆಸರಿನಿಂದ ಕರೆಯಲಿಲ್ಲ. ಅವರಿಗೆ ಅದು ‘ರೊಮೇನಿಯದವರ ನಾಡು’ ಆಗಿತ್ತು.

ಈ ಪದದ ಒಂದು ಚೂರು ನಮ್ಮ ಅಂಗಡಿಗಳಲ್ಲಿಯೂ ಸಿಗುತ್ತದೆ. ಒಣಹಣ್ಣುಗಳ ಪೊಟ್ಟಣದ ಮೇಲೆ ‘ವಾಲ್‌ನಟ್’ ಎಂದು ಅಚ್ಚಾಗಿರುವ ಅಕ್ರೋಟನ್ನು ಎಲ್ಲರೂ ನೋಡಿರುತ್ತಾರೆ. ಆ ಹೆಸರಿನ ಮೊದಲ ಅರ್ಧಕ್ಕೂ ‘ವಾಲ್’ ಎಂದರೆ ಗೋಡೆ ಎಂಬುದಕ್ಕೂ ಯಾವ ಸಂಬಂಧವೂ ಇಲ್ಲ. ಉತ್ತರ ಯುರೋಪಿನ ಜರ್ಮಾನಿಕ್ ಜನರಿಗೆ ತಮ್ಮ ಕಾಡಿನಲ್ಲಿ ಬೆಳೆಯುವ ಹೇಜಲ್ ಕಾಯಿ ಪರಿಚಿತವಾಗಿತ್ತು. ದಕ್ಷಿಣದ ರೋಮನ್ ಸೀಮೆಯಿಂದ ಬಂದ ಗಟ್ಟಿ ಸಿಪ್ಪೆಯ ಈ ಕಾಯಿ ಅವರಿಗೆ ‘ಪರಕೀಯರ ಕಾಯಿ’ಯಾಗಿ ಕಂಡು, ಹಳೆಯ ಇಂಗ್ಲಿಷಿನಲ್ಲಿ ‘ವೆಆಲ್ಹ್‌ಹ್ನುತು’ ಎಂಬ ಹೆಸರು ಪಡೆಯಿತು. ‘ವೆಲ್ಷ್’ ಎಂಬುದರಲ್ಲಿರುವ ‘ವೆಲ್’ ಮತ್ತು ‘ವಾಲ್‌ನಟ್’ ಎಂಬುದರಲ್ಲಿರುವ ‘ವಾಲ್’ ಒಂದೇ ಪದ. ಹಾಗೆಂದು ವೇಲ್ಸಿನವರು ಆ ಕಾಯಿಯನ್ನು ತಮ್ಮದೆಂದು ಭಾವಿಸಿದರೇ ಎಂದು ನೋಡಿದರೆ ಅವರ ಭಾಷೆಯಲ್ಲಿ ಅದರ ಹೆಸರು ‘ಕ್ನೈ ಫ್ರೆಂಗಿಗ್’, ಅಂದರೆ ಫ್ರೆಂಚ್ ಕಾಯಿ. ಪರಕೀಯರು ಎನಿಸಿಕೊಂಡವರಿಗೂ ಅದು ಬೇರೆಯವರ ಕಾಯಿಯೇ ಆಗಿತ್ತು.

ಐದನೆಯ ಮತ್ತು ಆರನೆಯ ಶತಮಾನಗಳಲ್ಲಿ ಬ್ರಿಟನ್ನಿನ ಪೂರ್ವ ತೀರಕ್ಕೆ ಬಂದು ನೆಲೆಸಿದ ಆಂಗ್ಲರು ಮತ್ತು ಸ್ಯಾಕ್ಸನ್ನರು ಈ ಪದವನ್ನು ತಮ್ಮೊಂದಿಗೆ ತಂದು, ಅಲ್ಲಿ ಮೊದಲಿನಿಂದ ಇದ್ದ ಬ್ರಿಟನ್ನರಿಗೆ ಅಂಟಿಸಿದರು. ಏಕವಚನದಲ್ಲಿ ‘ವೆಆಲ್ಹ್’, ಬಹುವಚನದಲ್ಲಿ ‘ವೆಆಲಸ್’. ಈ ಬಹುವಚನವೇ ಇಂದಿನ ‘ವೇಲ್ಸ್’. ಜನರ ಹೆಸರೇ ನಾಡಿನ ಹೆಸರಾಯಿತು. ಕಾರ್ನ್‌ವಾಲ್ ಎಂಬ ಹೆಸರಿನ ಬಾಲದಲ್ಲಿರುವುದೂ ಇದೇ. ಸ್ಕಾಟ್ಲೆಂಡಿನ ವೀರನೆಂದು ಹೆಸರಾದ ವಿಲಿಯಂ ವಾಲೇಸನ ಕುಲನಾಮದ ಅರ್ಥವೂ ‘ವೆಲ್ಷ್ ಮೂಲದವನು’ ಎಂದೇ.

ಈ ಹೆಸರಿಡುವಿಕೆ ಬರಿಯ ಮಾತಿನದಾಗಿರಲಿಲ್ಲ. ಸ್ಯಾಕ್ಸನ್ನರ ರಾಜ್ಯವಾದ ವೆಸೆಕ್ಸಿನಲ್ಲಿ 688ರಿಂದ 726ರವರೆಗೆ ಆಳಿದ ಇನೆ ಎಂಬ ರಾಜನ ಕಾನೂನುಗಳಲ್ಲಿ, ಕೊಲೆಯಾದವನ ಕುಟುಂಬಕ್ಕೆ ಕೊಲೆಗಾರನು ಕಟ್ಟಿಕೊಡಬೇಕಾದ ಹಣದ ಲೆಕ್ಕವಿದೆ. ಸಾಮಾನ್ಯ ಇಂಗ್ಲಿಷ್ ರೈತನ ಪ್ರಾಣಕ್ಕೆ 200 ಷಿಲಿಂಗ್ ಬೆಲೆ; ಒಂದು ಕುಟುಂಬದ ಜೀವನಕ್ಕೆ ಸಾಕಾಗುವಷ್ಟು ಜಮೀನಿರುವ ‘ವೆಆಲ್ಹ್’ನ ಪ್ರಾಣಕ್ಕೆ 120 ಷಿಲಿಂಗ್; ಜಮೀನೇ ಇಲ್ಲದವನಾದರೆ 60 ಷಿಲಿಂಗ್. ಕಾಲಾಂತರದಲ್ಲಿ ವೆಸೆಕ್ಸಿನ ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಗುಲಾಮ’ ಎಂಬ ಅರ್ಥವೂ ಬಂದುಬಿಟ್ಟಿತು. ಸ್ವಂತ ನೆಲದಲ್ಲಿ ಇದ್ದವರಿಗೆ ಆಮೇಲೆ ಬಂದವರು ‘ಪರಕೀಯರು’ ಎಂದು ಹೆಸರಿಟ್ಟು, ಆ ಹೆಸರಿನ ಲೆಕ್ಕದಲ್ಲಿ ಅವರ ಜೀವದ ಬೆಲೆಯನ್ನು ಇಳಿಸಿದ್ದು ಓದಿದಾಗ ಒಂದು ಪದ ಎಷ್ಟು ಭಾರವಾಗಬಲ್ಲದು ಎಂಬುದು ಮನಸ್ಸಿಗೆ ನಾಟುತ್ತದೆ.

ಇನ್ನು ಒಳಗಿನವರ ಹೆಸರಿಗೆ ಬರೋಣ. ವೆಲ್ಷ್ ಭಾಷೆಯಲ್ಲಿ ಈ ನಾಡಿನ ಒಬ್ಬ ಗಂಡಸು ‘ಕಮ್ರೊ’, ಹೆಂಗಸು ‘ಕಮ್ರಾಯ್ಸ್’, ಜನರೆಲ್ಲ ಸೇರಿ ‘ಕಮ್ರಿ’, ನಾಡು ಕೂಡ ‘ಕಮ್ರಿ’. ಬರೆಯುವಾಗ ಜನರ ಹೆಸರಿನ ಕೊನೆಗೆ ‘ವೈ’ ಅಕ್ಷರವನ್ನೂ ನಾಡಿನ ಹೆಸರಿನ ಕೊನೆಗೆ ‘ಯು’ ಅಕ್ಷರವನ್ನೂ ಹಾಕುತ್ತಾರೆ. ಉಚ್ಚಾರದಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಮಧ್ಯಕಾಲದ ಹಸ್ತಪ್ರತಿಗಳಲ್ಲಿ ಬರವಣಿಗೆಯ ಈ ವ್ಯತ್ಯಾಸವೂ ಇರಲಿಲ್ಲ. ಕಣ್ಣಿಗೆ ಗೊಂದಲವಾಗದಿರಲೆಂದು ಮುಂದೆ ಮಾಡಿಕೊಂಡ ಏರ್ಪಾಡು ಅದು. ಹಳಗನ್ನಡದಲ್ಲಿ ‘ಕನ್ನಡ’ ಎಂಬ ಒಂದೇ ಮಾತು ನಾಡಿಗೂ ನುಡಿಗೂ ಸಲ್ಲುತ್ತಿದ್ದುದನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ವೆಲ್ಷ್ ಭಾಷೆ ರೂಪುಗೊಳ್ಳುವ ಮೊದಲು ಬ್ರಿಟನ್ನಿನಲ್ಲಿ ಆಡುತ್ತಿದ್ದ ಬ್ರಿಥೋನಿಕ್ ಭಾಷೆಯಲ್ಲಿ ಈ ಪದದ ರೂಪ ಏಕವಚನದಲ್ಲಿ ‘ಕೊಂಬ್ರೊಗೊಸ್’, ಬಹುವಚನದಲ್ಲಿ ‘ಕೊಂಬ್ರೊಗಿ’ ಎಂದಿತ್ತೆಂದು ವಿದ್ವಾಂಸರು ಪುನಾರಚಿಸಿದ್ದಾರೆ. ಇದರಲ್ಲಿ ಎರಡು ಭಾಗಗಳಿವೆ. ‘ಕೊಮ್’ ಎಂದರೆ ಕೂಡ, ಜೊತೆ. ಲ್ಯಾಟಿನ್ನಿನ ‘ಕುಮ್’ ಇದರ ದಾಯಾದಿ. ‘ಬ್ರೊಗ್’ ಎಂದರೆ ಸೀಮೆ, ನಾಡು. ಇಂದಿನ ವೆಲ್ಷ್‌ನಲ್ಲಿ ‘ಬ್ರೊ’ ಎಂಬ ಪದ ಊರ ಸುತ್ತಿನ ಪ್ರದೇಶ, ತಮ್ಮ ಸೀಮೆ ಎಂಬ ಅರ್ಥದಲ್ಲಿ ಜೀವಂತವಾಗಿದೆ. ಹಾಗಾಗಿ ‘ಕೊಂಬ್ರೊಗಿ’ ಎಂದರೆ ಒಂದೇ ಸೀಮೆಯನ್ನು ಹಂಚಿಕೊಂಡವರು. ಕನ್ನಡದಲ್ಲಿ ‘ನಮ್ಮ ಕಡೆಯವರು’ ಎಂದು ನಾವು ಹೇಳುವಾಗ ಇರುವ ಆಪ್ತತೆ ಆ ಪದದಲ್ಲಿಯೂ ಇತ್ತೆಂದು ನನಗೆ ತೋರುತ್ತದೆ.

‘ಬ್ರೊಗ್’ ಎಂಬುದರ ಇನ್ನೂ ಹಳೆಯ ರೂಪ ‘ಮ್ರೊಗ್’. ಅದರ ಇಂಡೋ-ಯುರೋಪಿಯನ್ ಮೂಲಾರ್ಥ ನಾಡು ಎಂದಲ್ಲ, ಅಂಚು, ಗಡಿ ಎಂದು. ಇದೇ ಬೇರಿನಿಂದ ಲ್ಯಾಟಿನ್ನಿನ ‘ಮಾರ್ಗೊ’ ಹುಟ್ಟಿತು, ಅದರಿಂದ ‘ಮಾರ್ಜಿನ್’. ನಮ್ಮ ಶಾಲೆಗಳಲ್ಲಿ ಪರೀಕ್ಷೆಯ ಹಾಳೆ ಕೈಗೆ ಬಂದ ಕೂಡಲೇ ಎಡಗಡೆ ಸ್ಕೇಲಿಟ್ಟು ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಆ ಗೆರೆಯ ಆಚೆ ಪ್ರಶ್ನೆಯ ಸಂಖ್ಯೆಯನ್ನೂ ಈಚೆ ಉತ್ತರವನ್ನೂ ಬರೆಯುತ್ತೇವಲ್ಲ, ಆ ಮಾರ್ಜಿನ್ನಿಗೂ ವೇಲ್ಸಿನ ಜನ ತಮ್ಮನ್ನು ಕರೆದುಕೊಳ್ಳುವ ಹೆಸರಿನ ಎರಡನೆಯ ಭಾಗಕ್ಕೂ ಬೇರು ಒಂದೇ. ಗೆರೆಯನ್ನು ಸೂಚಿಸುತ್ತಿದ್ದ ಪದ ಕೆಲ್ಟಿಕ್ ಭಾಷೆಗಳಲ್ಲಿ ಗೆರೆಯ ಒಳಗಿನ ಜಾಗವನ್ನು ಸೂಚಿಸತೊಡಗಿತು. ಎಲ್ಲೆ ಎಂಬ ಅರ್ಥದ ‘ಸೀಮಾ’ ಶಬ್ದ ನಮ್ಮ ‘ಹಳೇ ಮೈಸೂರು ಸೀಮೆ’ ಎಂಬ ಮಾತಿನಲ್ಲಿ ಎಲ್ಲೆಯೊಳಗಿನ ಪ್ರದೇಶವಾಗಿರುವುದೂ ಇದೇ ಬಗೆಯ ನಡೆ.

ಈ ವ್ಯುತ್ಪತ್ತಿಗೆ ಬಲವಾದ ಆಧಾರವೊಂದು ಬ್ರಿಟನ್ನಿನ ಹೊರಗೆ ಸಿಗುತ್ತದೆ. ಇಂದಿನ ಫ್ರಾನ್ಸಿನ ಆಗ್ನೇಯ ಭಾಗದಲ್ಲಿ, ರೋನ್ ನದಿಯ ಮೇಲ್ಭಾಗದಲ್ಲಿ ‘ಅಲ್ಲೊಬ್ರೊಗೆಸ್’ ಎಂಬ ಕೆಲ್ಟಿಕ್ ಬುಡಕಟ್ಟಿತ್ತು. ‘ಅಲ್ಲೊ’ ಎಂದರೆ ಬೇರೆ. ಅಲ್ಲೊಬ್ರೊಗೆಸ್ ಎಂದರೆ ಬೇರೆ ಸೀಮೆಯವರು. ರೋಮನ್ ಕವಿ ಯುವೆನಾಲನ ಕಾವ್ಯಕ್ಕೆ ಹಳೆಯ ಕಾಲದಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ, ಗಾಲ್ ಜನ ಭೂಮಿಗೆ ‘ಬ್ರೊಗೆ’ ಎನ್ನುತ್ತಾರೆಂದೂ ಬೇರೆಡೆಯಿಂದ ಬಂದು ನೆಲೆಸಿದ್ದರಿಂದ ಇವರಿಗೆ ಆ ಹೆಸರು ಬಂತೆಂದೂ ವಿವರಣೆಯಿದೆ. ಒಂದೆಡೆ ‘ಬೇರೆ ಸೀಮೆಯವರು’, ಇನ್ನೊಂದೆಡೆ ‘ಒಂದೇ ಸೀಮೆಯವರು’: ಎರಡು ಪದಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ.

‘ಕೊಂಬ್ರೊಗಿ’ ಎಂಬಷ್ಟು ಉದ್ದದ ಪದ ‘ಕಮ್ರಿ’ಯಾಗಿ ಹೇಗೆ ಕುಗ್ಗಿತು ಎಂಬ ಪ್ರಶ್ನೆ ಸಹಜ. ಐದು ಮತ್ತು ಆರನೆಯ ಶತಮಾನಗಳ ಆಸುಪಾಸಿನಲ್ಲಿ ಬ್ರಿಥೋನಿಕ್ ಭಾಷೆಯ ಪದಗಳು ತಮ್ಮ ಕೊನೆಯ ಅಕ್ಷರಗಳನ್ನು ಕಳೆದುಕೊಂಡವು. ‘ಂಬ’ ಎಂಬ ಸಂಯೋಗ ಸವೆದು ‘ಮ’ ಆಯಿತು; ಸ್ವರಗಳ ನಡುವಿನ ‘ಗ’ಕಾರ ಮೃದುವಾಗುತ್ತ ಮಾಯವಾಯಿತು. ಏಕವಚನದಲ್ಲಿ ಉಳಿದದ್ದು ‘ಕಮ್ರೊ’. ಬಹುವಚನದಲ್ಲಿ ಮಾತ್ರ ಒಂದು ವಿಶೇಷ ನಡೆಯಿತು: ಕೊನೆಯಲ್ಲಿದ್ದ ‘ಇ’ ಸ್ವರ ತಾನು ಅಳಿಯುವ ಮೊದಲು ಹಿಂದಿನ ‘ಒ’ ಸ್ವರವನ್ನು ತನ್ನ ಕಡೆಗೆ ಎಳೆದುಕೊಂಡು ಬದಲಾಯಿಸಿಬಿಟ್ಟಿತು. ಆದ್ದರಿಂದಲೇ ಒಬ್ಬನಾದರೆ ಕಮ್ರೊ, ಹಲವರಾದರೆ ಕಮ್ರಿ. ಮುಂದಿನ ಸ್ವರ ಹಿಂದಿನ ಸ್ವರವನ್ನು ಎಳೆಯುವುದು ಕನ್ನಡಿಗರಿಗೆ ಹೊಸದಲ್ಲ. ತೆಲುಗಿನ ‘ಚೆವಿ’, ತಮಿಳಿನ ‘ಸೆವಿ’ ಕನ್ನಡದಲ್ಲಿ ‘ಕಿವಿ’ಯಾಗಿರುವುದನ್ನು ನೋಡಿ. ಮೂಲದಲ್ಲಿ ‘ಕೆವಿ’ ಎಂದಿದ್ದ ಪದದ ‘ಎ’ಕಾರವನ್ನು ಕೊನೆಯ ‘ಇ’ಕಾರ ಮೇಲಕ್ಕೆಳೆದು ‘ಇ’ಕಾರವಾಗಿಸಿತು. ನಮ್ಮಲ್ಲಿ ಎಳೆದ ಸ್ವರವೂ ಉಳಿದುಕೊಂಡಿದೆ. ವೆಲ್ಷ್‌ನಲ್ಲಿ ಅದು ಹೋಗಿ, ಅದು ಮಾಡಿದ ಗುರುತಷ್ಟೇ ಉಳಿದಿದೆ.

ಇಲ್ಲಿ ಗಮನಿಸಲೇಬೇಕಾದ ಒಂದು ಸಂಗತಿಯಿದೆ, ಈ ಪದದ ಕಥೆಯಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಅದೇ. ಗಡಿ ಎಂಬ ಅರ್ಥದ ಆ ಮೂಲ ಬೇರು ಜರ್ಮಾನಿಕ್ ಭಾಷೆಗಳಲ್ಲಿ ‘ಮಾರ್ಕ್’ ಆಗಿ, ಅಂಚು ಎಂಬ ಹಳೆಯ ಅರ್ಥವನ್ನೇ ಇಟ್ಟುಕೊಂಡು ಬೆಳೆಯಿತು. ವೇಲ್ಸಿಗೆ ತಗುಲಿಕೊಂಡಂತೆ ಪೂರ್ವದಲ್ಲಿದ್ದ ಇಂಗ್ಲಿಷ್ ರಾಜ್ಯದ ಹೆಸರು ಮರ್ಸಿಯ; ಅಲ್ಲಿಯ ಜನರಿಗೆ ಹಳೆಯ ಇಂಗ್ಲಿಷಿನಲ್ಲಿ ‘ಮಿಯರ್ಚೆ’, ಅಂದರೆ ಗಡಿಯವರು ಎಂದು ಹೆಸರು. 757ರಿಂದ 796ರವರೆಗೆ ಅಲ್ಲಿ ಆಳಿದ ಆಫಾ ಎಂಬ ರಾಜನ ಹೆಸರಿನಲ್ಲಿರುವ ಮಣ್ಣಿನ ದಿಬ್ಬ ಮತ್ತು ಕಂದಕ ಇಂದಿಗೂ ಆ ಗಡಿಯ ಉದ್ದಕ್ಕೆ ಅಲ್ಲಲ್ಲಿ ಹುಲ್ಲು ಬೆಳೆದು ನಿಂತಿದೆ. ನಾರ್ಮನ್ನರ ಕಾಲದಲ್ಲಿ ಆ ಪ್ರದೇಶಕ್ಕೆ ‘ಮಾರ್ಚಸ್’ ಎಂಬ ಹೆಸರಾಯಿತು. ಅದೂ ಅದೇ ಬೇರು. ದಿಬ್ಬದ ಪೂರ್ವದವರು ತಮ್ಮನ್ನು ‘ಗಡಿಯವರು’ ಎಂದು ಕರೆದುಕೊಂಡರು, ಪಶ್ಚಿಮದವರು ‘ಒಂದೇ ಗಡಿಯೊಳಗಿನವರು’ ಎಂದು ಕರೆದುಕೊಂಡರು. ಶತಮಾನಗಳ ಕಾಲ ಪರಸ್ಪರ ಕಾದಾಡಿದ ಎರಡು ಜನಗಳ ಹೆಸರುಗಳಲ್ಲಿ ಒಂದೇ ಪ್ರಾಚೀನ ಪದ ಕುಳಿತಿರುವುದು ಅವರಿಬ್ಬರಿಗೂ ಗೊತ್ತಿರಲಿಲ್ಲ.

‘ಕಮ್ರಿ’ ಎಂಬ ಹೆಸರು ಬಳಕೆಗೆ ಬರುವ ಮೊದಲು ಈ ಜನ ತಮ್ಮನ್ನು ಬ್ರಿಟನ್ನರೆಂದೇ ಕರೆದುಕೊಳ್ಳುತ್ತಿದ್ದರು, ಆಮೇಲೆಯೂ ಬಹುಕಾಲ ಕರೆದುಕೊಂಡರು. ಗ್ವಿನೆದ್ ರಾಜ್ಯದ ಅರಸನಾಗಿದ್ದ ಕಡ್ವಾಲ್ಲೊನನನ್ನು ಹೊಗಳುವ, ಏಳನೆಯ ಶತಮಾನದ್ದೆಂದು ಎಣಿಸಲಾಗುವ ಪದ್ಯವೊಂದರಲ್ಲಿ ‘ಕಮ್ರಿ’ ಕಾಣಿಸಿಕೊಳ್ಳುತ್ತದೆ. ಹತ್ತನೆಯ ಶತಮಾನದ ‘ಆರ್ಮೆಸ್ ಪ್ರಡೈನ್’ ಎಂಬ ಭವಿಷ್ಯವಾಣಿಯ ಪದ್ಯದಲ್ಲಿ ಆ ಹೆಸರು ಮತ್ತೆ ಮತ್ತೆ ಬರುತ್ತದೆ. ಇಂಗ್ಲಿಷ್ ದೊರೆಯ ಕಪ್ಪ ವಸೂಲಿಯಿಂದ ಬೇಸತ್ತ ಆ ಕವಿ, ಕಮ್ರಿ ಜನರು ಐರ್ಲೆಂಡಿನವರು, ಡಬ್ಲಿನ್ನಿನ ನಾರ್ಸ್ ಜನರು, ಕಾರ್ನ್‌ವಾಲಿನವರು ಮತ್ತು ಉತ್ತರದ ಬ್ರಿಟನ್ನರೊಂದಿಗೆ ಕೂಡಿ ಸ್ಯಾಕ್ಸನ್ನರನ್ನು ಸಮುದ್ರಕ್ಕೆ ಅಟ್ಟುವ ದಿನವನ್ನು ಕಾಣುತ್ತಾನೆ. ಹಳೆಯ ‘ಬ್ರಿಟನ್ನರು’ ಎಂಬ ಹೆಸರನ್ನು ಹಿಂದಿಕ್ಕಿ ‘ಕಮ್ರಿ’ ಮುಂದೆ ಬಂದದ್ದು ಹನ್ನೆರಡನೆಯ ಶತಮಾನದ ಹೊತ್ತಿಗೆ.

ಈ ಹೆಸರು ಮೊದಲಿಗೆ ವೇಲ್ಸಿಗೆ ಮಾತ್ರ ಸೇರಿದ್ದೂ ಅಲ್ಲ. ಇಂದಿನ ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿಯೂ ಸ್ಕಾಟ್ಲೆಂಡಿನ ದಕ್ಷಿಣದಲ್ಲಿಯೂ ಅದೇ ಭಾಷೆಯ ಇನ್ನೊಂದು ರೂಪವನ್ನು ಆಡುವ ಬ್ರಿಟನ್ನರಿದ್ದರು. ಅವರೂ ಕೊಂಬ್ರೊಗಿಗಳೇ. ಇಂಗ್ಲಿಷರ ವೃತ್ತಾಂತದಲ್ಲಿ 945ರ ಕೆಳಗೆ ಎಡ್ಮಂಡ್ ರಾಜನು ‘ಕುಂಬ್ರಲಾಂಡ್’ ಅನ್ನು ಸೂರೆ ಮಾಡಿ ಸ್ಕಾಟರ ರಾಜನಿಗೆ ಕೊಟ್ಟನೆಂದಿದೆ. ಅಲ್ಲಿಯ ಭಾಷೆ ಹನ್ನೆರಡನೆಯ ಶತಮಾನದ ಸುಮಾರಿಗೆ ಅಳಿಯಿತು. ಕಂಬರ್‌ಲ್ಯಾಂಡ್, ಕಂಬ್ರಿಯ ಎಂಬ ಹೆಸರುಗಳು ಉಳಿದವು. ವೆಲ್ಷ್‌ನಲ್ಲಿ ಸವೆದುಹೋದ ‘ಬ’ಕಾರ ಇಂಗ್ಲಿಷಿನ ಈ ಊರುಹೆಸರಿನಲ್ಲಿ ಇಂದಿಗೂ ಕೇಳಿಸುತ್ತದೆ.

ಇಷ್ಟೆಲ್ಲ ಇಂದು ನಿಶ್ಚಿತವಾಗಿ ತಿಳಿದಿದ್ದರೂ ಸರಿಯಾದ ವ್ಯುತ್ಪತ್ತಿ ಸಿಗುವವರೆಗೆ ಜನ ಸುಮ್ಮನೆ ಕೂರಲಿಲ್ಲ. ಸುಮಾರು 1136ರಲ್ಲಿ ಮನ್ಮತ್‌ನ ಜೆಫ್ರಿಯು ಬರೆದ ಬ್ರಿಟನ್ನಿನ ಅರಸರ ಚರಿತ್ರೆಯಲ್ಲಿ, ಟ್ರಾಯ್ ನಗರದ ವಂಶದಿಂದ ಬಂದ ಬ್ರೂಟಸನಿಗೆ ಮೂವರು ಮಕ್ಕಳೆಂದೂ ಅವರಲ್ಲಿ ಕ್ಯಾಂಬರ್ ಎಂಬವನ ಪಾಲಿಗೆ ಬಂದ ನಾಡೇ ‘ಕ್ಯಾಂಬ್ರಿಯ’ವೆಂದೂ ಹೇಳಿದೆ. ‘ವೇಲ್ಸ್’ ಎಂಬುದಕ್ಕೂ ಆತ ಒಬ್ಬ ನಾಯಕನನ್ನೋ ರಾಣಿಯನ್ನೋ ಮೂಲವಾಗಿ ಸೂಚಿಸಿದ. ಅದೇ ಶತಮಾನದ ಕೊನೆಗೆ ಪೆಂಬ್ರೋಕ್‌ಷೈರಿನಲ್ಲಿ ಹುಟ್ಟಿದ ಪಾದ್ರಿ ಗಿರಾಲ್ಡಸನು ತನ್ನ ನಾಡಿನ ವರ್ಣನೆಯಲ್ಲಿ ಜೆಫ್ರಿಯ ರಾಣಿ ನಾಯಕರ ಕಥೆಯನ್ನು ತಳ್ಳಿಹಾಕಿ, ಸ್ಯಾಕ್ಸನ್ನರು ಪರಕೀಯವಾದದ್ದಕ್ಕೆಲ್ಲ ಆ ಪದವನ್ನು ಬಳಸುತ್ತಿದ್ದುದರಿಂದಲೇ ವೇಲ್ಸ್ ಎಂಬ ಹೆಸರು ಬಂತೆಂದು ಬರೆದ. ಎಂಟು ಶತಮಾನಗಳ ಹಿಂದೆ ಹೇಳಿದ ಆ ಮಾತು ಇಂದಿಗೂ ಸರಿ. ಆದರೆ ಕ್ಯಾಂಬರನ ಕಥೆಯನ್ನು ಮಾತ್ರ ಅವನೂ ನಂಬಿದ್ದ. ಮುಂದೆ ಬೈಬಲ್ಲಿನ ನೋಹನ ಮೊಮ್ಮಗ ಗೋಮರನ ಹೆಸರಿಗೂ ಕಮ್ರಿಗೂ ಗಂಟು ಹಾಕುವ ವಾದ ಬಹುಕಾಲ ನಡೆಯಿತು. ಜರ್ಮನ್ ವಿದ್ವಾಂಸ ಯೋಹಾನ್ ಕಾಸ್ಪರ್ ತ್ಸೊಯ್ಸ್ 1853ರಲ್ಲಿ ಪ್ರಕಟಿಸಿದ ಕೆಲ್ಟಿಕ್ ವ್ಯಾಕರಣ ಈ ಭಾಷೆಗಳ ಧ್ವನಿಗಳು ಬದಲಾಗುವ ನಿಯಮಗಳನ್ನು ಮುಂದಿಟ್ಟ ಮೇಲೆ ಅಂಥ ಊಹೆಗಳಿಗೆ ಜಾಗ ಉಳಿಯಲಿಲ್ಲ.

‘ಕ್ಯಾಂಬ್ರಿಯ’ ಎಂಬ ಲ್ಯಾಟಿನ್ ರೂಪ ‘ಕಮ್ರಿ’ಯಿಂದಲೇ ಆದದ್ದು, ಕ್ಯಾಂಬರ್ ಎಂಬ ರಾಜಕುಮಾರ ಇರಲೇ ಇಲ್ಲ. ಆ ಲ್ಯಾಟಿನ್ ಹೆಸರು ಇನ್ನೊಂದು ದಾರಿಯಿಂದ ಜಗತ್ತನ್ನೆಲ್ಲ ಮುಟ್ಟಿತು. ಭೂವಿಜ್ಞಾನಿ ಆಡಂ ಸೆಜ್ವಿಕ್ ಉತ್ತರ ವೇಲ್ಸಿನ ಬೆಟ್ಟಗಳ ಶಿಲೆಗಳನ್ನು ಅಭ್ಯಾಸ ಮಾಡಿ, 1835ರಲ್ಲಿ ಒಂದು ಭೂಯುಗಕ್ಕೆ ‘ಕ್ಯಾಂಬ್ರಿಯನ್’ ಎಂದು ಹೆಸರಿಟ್ಟರು. ಸುಮಾರು 54 ಕೋಟಿ ವರ್ಷಗಳ ಹಿಂದೆ ಶುರುವಾದ ಆ ಯುಗಕ್ಕಿಂತ ಹಿಂದಿನ ಕಾಲವೆಲ್ಲ ‘ಪ್ರಿಕ್ಯಾಂಬ್ರಿಯನ್’. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತುಕೊಂಡಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದನ್ನೂ ಕರ್ನಾಟಕದ ಬಯಲುಸೀಮೆಯ ಬಹುತೇಕ ಶಿಲೆಗಳನ್ನೂ ಭೂವಿಜ್ಞಾನದ ಪಾಠದಲ್ಲಿ ಪ್ರಿಕ್ಯಾಂಬ್ರಿಯನ್ ಎಂದೇ ಕಲಿಸುತ್ತಾರೆ. ನಮ್ಮ ಕಾಲೇಜಿನ ಹುಡುಗರು ಆ ಪದವನ್ನು ಬರೆಯುವಾಗಲೆಲ್ಲ ‘ಒಂದೇ ಸೀಮೆಯವರ’ ಹೆಸರನ್ನು ಬರೆಯುತ್ತಿರುತ್ತಾರೆ.

ಫಲಕದ ಮೇಲಿನ ಹೆಸರು ‘ಕಮ್ರಿ’ ಆಗಿರದೆ ‘ಗಮ್ರಿ’ ಏಕೆ ಆಗಿದೆ ಎಂಬುದು ಬಾಕಿ ಉಳಿದಿದೆ. ವೆಲ್ಷ್ ಭಾಷೆಯಲ್ಲಿ ಹಿಂದೆ ಬಂದ ಪದಕ್ಕೆ ತಕ್ಕಂತೆ ಮುಂದಿನ ಪದದ ಮೊದಲ ವ್ಯಂಜನ ಬದಲಾಗುತ್ತದೆ. ‘ಇ’ ಎಂಬ ವಿಭಕ್ತಿಸೂಚಕದ ಮುಂದೆ ‘ಕಮ್ರಿ’ ಎಂಬುದು ‘ಗಮ್ರಿ’. ‘ಮತ್ತು’ ಎಂಬ ಅರ್ಥದ ‘ಆ’ ಹಿಂದೆ ಬಂದರೆ ‘ಖಮ್ರಿ’. ‘ವೇಲ್ಸಿನಲ್ಲಿ’ ಎನ್ನಬೇಕಾದರೆ ‘ಅಙ್ ಙ್ಹಮ್ರಿ’. ನಮ್ಮ ವರ್ಣಮಾಲೆಯಲ್ಲಿ ಕಲಿತು ಆಮೇಲೆ ಹೆಚ್ಚಾಗಿ ಬಳಸದ ‘ಙ’ ಅಲ್ಲಿ ಪದದ ಮೊದಲಲ್ಲೇ ಬಂದು ನಿಲ್ಲುತ್ತದೆ. ಹೊಸದಾಗಿ ಕಲಿಯುವ ಇಂಗ್ಲಿಷರಿಗೆ ಇದು ದೊಡ್ಡ ತೊಡಕು. ‘ಹಳೆ’ಯ ಮುಂದೆ ‘ಕನ್ನಡ’ ಬಂದು ‘ಹಳೆಗನ್ನಡ’ವಾಗುವುದನ್ನು, ‘ಮಳೆ’ಯ ಮುಂದೆ ‘ಕಾಲ’ ಬಂದು ‘ಮಳೆಗಾಲ’ವಾಗುವುದನ್ನು ಬಾಲ್ಯದಿಂದ ಆಡುತ್ತ ಬಂದ ನಮಗೆ ‘ಕ’ಕಾರ ‘ಗ’ಕಾರವಾಗುವುದು ಅಷ್ಟು ಕಷ್ಟವೆನಿಸಲಾರದು.

ಕಾನೂನಿನ ಕಣ್ಣಿನಲ್ಲಿ ಈ ನಾಡು ಬಹುಕಾಲ ಹೆಸರಿಲ್ಲದೆ ಇತ್ತು. 1536ರ ಶಾಸನ ವೇಲ್ಸನ್ನು ಇಂಗ್ಲೆಂಡಿನೊಂದಿಗೆ ಸೇರಿಸಿ ನ್ಯಾಯಾಲಯಗಳಲ್ಲಿ ಇಂಗ್ಲಿಷನ್ನು ಕಡ್ಡಾಯ ಮಾಡಿತು. 1746ರ ಇನ್ನೊಂದು ಶಾಸನ, ಕಾಯಿದೆಗಳಲ್ಲಿ ‘ಇಂಗ್ಲೆಂಡ್’ ಎಂದಿದ್ದರೆ ವೇಲ್ಸ್ ಅದರೊಳಗೆ ಸೇರಿತೆಂದೇ ತಿಳಿಯಬೇಕೆಂದಿತು. ಅದು ರದ್ದಾದದ್ದು 1967ರ ವೆಲ್ಷ್ ಭಾಷಾ ಕಾಯಿದೆಯಿಂದ. 2011ರಲ್ಲಿ ವೆಲ್ಷ್ ಭಾಷೆಗೆ ಅಧಿಕೃತ ಸ್ಥಾನ ದೊರೆಯಿತು. ಆದರೂ 2021ರ ಜನಗಣತಿಯ ಪ್ರಕಾರ ಆ ಭಾಷೆಯನ್ನು ಆಡಬಲ್ಲವರು ಸುಮಾರು 5,38,000 ಮಂದಿ, ಅಂದರೆ ಶೇ. 17.8 ಮಾತ್ರ.

ಹಾಗಾದರೆ ಉಳಿದವರು ಯಾರು? ಇದಕ್ಕೆ ವೆಲ್ಷ್ ಭಾಷೆಯೇ ಎರಡು ವಿಶೇಷಣಗಳನ್ನು ಇಟ್ಟುಕೊಂಡಿದೆ. ಭಾಷೆಗೆ ಸಂಬಂಧಿಸಿದ್ದು ‘ಕಮ್ರಾಯ್ಗ್’, ನಾಡಿಗೆ ಮತ್ತು ಜನರಿಗೆ ಸಂಬಂಧಿಸಿದ್ದು ‘ಕಮ್ರೈಗ್’. ವೇಲ್ಸಿನ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಎರಡನೆಯದಾಗಬಲ್ಲದು, ಮೊದಲನೆಯದಾಗಲಾರದು. ಭಾಷೆ ಬಾರದ ನಾಡವನಿಗೂ ಒಂದು ಮಾತಿದೆ: ‘ಕಮ್ರೊ ದಿ-ಗಮ್ರಾಯ್ಗ್’. ‘ದಿ’ ಎಂದರೆ ಇಲ್ಲದ. ಅದರ ಪ್ರಭಾವದಿಂದ ‘ಕ’ಕಾರ ಇಲ್ಲಿಯೂ ‘ಗ’ಕಾರವಾಗಿದೆ. ಆ ನುಡಿಯನ್ನು ಅವನು ಕಳೆದುಕೊಂಡಿರಬಹುದು, ಅವನ ತಾತನ ಕಾಲಕ್ಕೇ ಅದು ಮನೆಯಿಂದ ಹೋಗಿರಬಹುದು. ಆದರೂ ಒಂದೇ ಸೀಮೆಯವನಾದ್ದರಿಂದ ಆ ಮಾತಿನ ಮೊದಲರ್ಧದಲ್ಲಿ ಅವನು ಕಮ್ರೊ ಆಗಿಯೇ ಇದ್ದಾನೆ.